ಎಲ್ಲ ಸೆಲ್ಲೂ 3.3 ತೋರಿಸುತ್ತದೆ, ಕರೆಂಟು ಹೋದಾಗ ಮಾತ್ರ ಕೈಕೊಡುತ್ತದೆ: ಮನೆಯ ಲಿಥಿಯಂ ಬ್ಯಾಟರಿಯ ದೋಷ ಹಿಡಿಯುವ ಬಗೆ

ಆರಿದ್ರಾ ಮಳೆ ಹಿಡಿದು ಹದಿನೈದು ದಿನವಾಗುವ ಹೊತ್ತಿಗೆ ಸಕಲೇಶಪುರ, ಮೂಡಿಗೆರೆ, ಕಳಸದ ಕಡೆಯಿಂದ ನನಗೆ ಬರುವ ಫೋನುಗಳೆಲ್ಲ ಒಂದೇ ಥರ. "ಅಣ್ಣಾ, ಹೋದ ವರ್ಷ ತಾನೆ ಲಿಥಿಯಂ ಹಾಕಿಸಿದ್ದು. ಮೀಟರ್ ಹಿಡಿದರೆ ವೋಲ್ಟೇಜ್ ಸರಿಯಾಗೇ ಇದೆ. ರಾತ್ರಿ ಎಂಟಕ್ಕೆ ಕರೆಂಟು ಹೋದರೆ ಒಂಬತ್ತಕ್ಕೆ ಕತ್ತಲೆ." ಅರಸೀಕೆರೆ, ಕಡೂರಿನ ಬಯಲು ಸೀಮೆಯಿಂದ ಈ ದೂರು ಬರುವುದು ತೀರಾ ಕಡಿಮೆ. ಅಲ್ಲಿನ ಬಿಸಿಲು ಹೆಚ್ಚುಕಡಿಮೆ ದಿನವೂ ಬ್ಯಾಟರಿಯನ್ನು ಕಂಠಪೂರ್ತಿ ತುಂಬಿಸುತ್ತದೆ. ಇಲ್ಲಿ ಮೋಡ, ಮಂಜು, ಅದು ಸಾಲದೆಂದು ಸೋಲಾರ್ ಪ್ಯಾನೆಲ್ ಮೇಲೆ ಬೀಳುವ ಸಿಲ್ವರ್ ಓಕ್ ನೆರಳು. ಆಶ್ಲೇಷ ಮುಗಿಯುವ ತನಕ ಬ್ಯಾಟರಿ ಒಂದು ದಿನವೂ ಪೂರ್ತಿ ತುಂಬದೆ ನಡುವಿನಲ್ಲೇ ಓಲಾಡುತ್ತಿರುತ್ತದೆ. ಪೆಟ್ಟಿಗೆಯೊಳಗೆ ಸಾಲಾಗಿ ಜೋಡಿಸಿದ ಸೆಲ್‌ಗಳು ತಾಳ ತಪ್ಪುವುದು, ಅಂದರೆ ಒಂದು ಹೆಚ್ಚು ಇನ್ನೊಂದು ಕಡಿಮೆ ತುಂಬುವುದು, ಆಗಲೇ, ಅದು ಕಣ್ಣಿಗೆ ಬೀಳದಿರುವುದೂ ಆಗಲೇ.

ಇಲ್ಲಿ ಹೇಳುವುದೆಲ್ಲ ಮನೆಗಳಲ್ಲಿ ಈಗ ಸಾಮಾನ್ಯವಾಗಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ, ಅಂದರೆ ಎಲ್‌ಎಫ್‌ಪಿಗೆ. ಮೊಬೈಲು, ಲ್ಯಾಪ್‌ಟಾಪಿನ ಬ್ಯಾಟರಿಯ ಲೆಕ್ಕ ಬೇರೆ, ಇಲ್ಲಿನ ಅಂಕಿಗಳನ್ನು ಅದಕ್ಕೆ ಹಚ್ಚಬೇಡಿ. ಈ ರಸಾಯನವನ್ನು ಮೊದಲು ವಿವರಿಸಿದ 1997ರ ಪ್ರಬಂಧದಲ್ಲಿ, ಮುಂದೆ 2019ರಲ್ಲಿ ನೊಬೆಲ್ ಪಡೆದ ಗುಡ್‌ಇನಫ್ ಅವರ ಜೊತೆಗೆ ಪಾಧಿ, ನಂಜುಂಡಸ್ವಾಮಿ ಎಂಬ ಎರಡು ಹೆಸರುಗಳೂ ಇವೆ. ಬ್ಯಾಟರಿ ಪೆಟ್ಟಿಗೆ ಎತ್ತಿ ಸೊಂಟ ಹಿಡಿದಾಗಲೆಲ್ಲ ನನಗೆ ಆ ಹೆಸರುಗಳು ನೆನಪಾಗುತ್ತವೆ.

ಮುಟ್ಟುವ ಮುನ್ನ

ಬಳೆ, ಉಂಗುರ, ವಾಚು, ಸೊಂಟದ ಬೀಗದ ಕೈ ಗೊಂಚಲು ಎಲ್ಲ ತೆಗೆದಿಡಿ. 51.2 ವೋಲ್ಟಿನ ಬ್ಯಾಟರಿ ಮುಟ್ಟಿದರೆ ಜುಂ ಎನ್ನುವ ಶಾಕ್ ಹೊಡೆಯದಿರಬಹುದು, ಆದರೆ ಎರಡು ಟರ್ಮಿನಲ್ ನಡುವೆ ಸ್ಪ್ಯಾನರ್ ಬಿದ್ದರೆ ಕಬ್ಬಿಣವೇ ಕರಗುವಷ್ಟು ಕರೆಂಟು ಹರಿಯುತ್ತದೆ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಬಿಚ್ಚುವ ಕೆಲಸವಿದ್ದರೆ ಮೊದಲು ಸೋಲಾರ್ ಪ್ಯಾನೆಲಿನ ಸ್ವಿಚ್ ಆಫ್ ಮಾಡಿ, ಆಮೇಲೆ ಮನೆಯ ಕರೆಂಟು, ಕೊನೆಗೆ ಬ್ಯಾಟರಿಯ ಬ್ರೇಕರ್. ಪ್ಯಾನೆಲ್ ಕಡೆಯ ವೈರಿಗಂತೂ ಕೈ ಹಾಕಲೇಬೇಡಿ. ಅಲ್ಲಿ ನೂರಾರು ವೋಲ್ಟ್ ಡಿಸಿ ಇರಬಹುದು.

ಮಲ್ಟಿಮೀಟರಿನ ಕೆಂಪು ವೈರು ವೋಲ್ಟ್ ತೂತಿನಲ್ಲೇ ಇದೆಯೇ ಎಂದು ಎರಡು ಸಲ ನೋಡಿ. 10 ಆಂಪ್ ತೂತಿನಲ್ಲಿಟ್ಟು ಬ್ಯಾಟರಿ ಮುಟ್ಟಿಸಿದರೆ ಅದು ನೇರ ಶಾರ್ಟ್.

ವಾರಂಟಿ ಇರುವ, ಸೀಲ್ ಆಗಿರುವ ಪೆಟ್ಟಿಗೆಯಾದರೆ ಬಿಚ್ಚಬೇಡಿ. ಅದರ ಬಿಎಂಎಸ್, ಅಂದರೆ ಒಳಗೆ ಕೂತು ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್, ಮೊಬೈಲ್ ಆ್ಯಪಿನಲ್ಲಿ ಅಥವಾ ಡಿಸ್ಪ್ಲೇಯಲ್ಲಿ ಒಂದೊಂದು ಸೆಲ್ಲಿನ ವೋಲ್ಟೇಜನ್ನೂ ತೋರಿಸುತ್ತಿದ್ದರೆ ಕೆಳಗಿನ ಮುಕ್ಕಾಲು ಪಾಲು ಪರೀಕ್ಷೆ ಅದರಲ್ಲೇ ಮುಗಿಯುತ್ತದೆ.

"ಫುಲ್ ಆಯ್ತು ಅಂತ ಬಂತು, ಅರ್ಧ ಗಂಟೆಗೆ ವೋಲ್ಟೇಜ್ ಇಳಿದುಹೋಯ್ತು"

ಇದು ದೋಷವಲ್ಲ. ಚಾರ್ಜರ್ ತಳ್ಳುತ್ತಿರುವಾಗ ಸೆಲ್ 3.5 ತೋರಿಸುತ್ತದೆ, ತಳ್ಳುವುದು ನಿಂತ ಮೇಲೆ 3.35ರ ಆಸುಪಾಸಿಗೆ ಬಂದು ಕೂರುತ್ತದೆ. ನಾಲ್ಕು ಸೆಲ್ಲಿನ ಬ್ಯಾಟರಿಯಲ್ಲಿ 14ರಿಂದ 13.4ಕ್ಕೆ, ಹದಿನಾರು ಸೆಲ್ಲಿನದರಲ್ಲಿ 56ರಿಂದ 53.6ರ ಹತ್ತಿರಕ್ಕೆ. ಎಲ್ಲ ಸೆಲ್ಲೂ ಒಟ್ಟಿಗೇ ಇಳಿದಿದ್ದರೆ ಮೀಟರ್ ಮುಚ್ಚಿಟ್ಟು ಕಾಫಿ ಕುಡಿಯಿರಿ.

ಹಳೆಯ ಟ್ಯೂಬುಲರ್ (ಸೀಸ-ಆಮ್ಲದ) ಬ್ಯಾಟರಿಗೆ ವರ್ಷಗಟ್ಟಲೆ ಡಿಸ್ಟಿಲ್ಡ್ ವಾಟರ್ ಹಾಕಿ ಪಳಗಿದವರು ಇಲ್ಲಿ ಎಡವುವುದು ಹೆಚ್ಚು. ಹಳೆಯ ಬ್ಯಾಟರಿಯಲ್ಲಿ 12.7 ಎಂದರೆ ಫುಲ್. ನಾಲ್ಕು ಸೆಲ್ಲಿನ ಲಿಥಿಯಂನಲ್ಲಿ ಯಾವ ಲೋಡೂ ಇಲ್ಲದೆ 12.8 ತೋರಿಸಿದರೆ ತಳ ಕಾಣುತ್ತಾ ಬಂದಿದೆ ಎಂದರ್ಥ, ಉಳಿದಿರುವುದು ಐದರಲ್ಲೊಂದು ಪಾಲಿನ ಆಸುಪಾಸು. ಇಪ್ಪತ್ತರಿಂದ ಎಂಬತ್ತು ಪರ್ಸೆಂಟಿನವರೆಗೂ ಸೆಲ್ ವೋಲ್ಟೇಜು 3.2 ಮತ್ತು 3.35ರ ನಡುವಿನ ಸಣ್ಣ ಜಾಗದಲ್ಲೇ ತಿರುಗಾಡುತ್ತದೆ. ನಮ್ಮ ಕೊಟ್ಟಿಗೆಹಾರದ ರಸ್ತೆಯಂತಲ್ಲ, ಹಾಸನದಿಂದ ಅರಸೀಕೆರೆಗೆ ಹೋಗುವ ರಸ್ತೆಯ ಹಾಗೆ, ಮಟ್ಟಸ. ಏರು ಇರುವುದು ತುಂಬುವ ತುದಿಯಲ್ಲಿ, ಇಳಿಜಾರು ಇರುವುದು ಬರಿದಾಗುವ ತುದಿಯಲ್ಲಿ. ಹಾಗಾಗಿ ನಡುದಾರಿಯಲ್ಲಿ ನಿಂತು ಎಲ್ಲ ಸೆಲ್ಲೂ 3.29 ಇವೆ, ಸಮ ಇವೆ ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಬೆಲೆಯಿಲ್ಲ. ಒಂದು ಸೆಲ್ ಅರ್ಧ ತುಂಬಿರಬಹುದು, ಪಕ್ಕದ್ದು ಅದಕ್ಕಿಂತ ಹತ್ತು ಪರ್ಸೆಂಟ್ ಮೇಲಿರಬಹುದು, ಮೀಟರಿಗೆ ಎರಡೂ ಒಂದೇ. ಸೆಲ್‌ಗಳ ನಿಜ ಗುಣ ತಿಳಿಯುವುದು ಎರಡು ತುದಿಯಲ್ಲಿ: 3.4ರ ಮೇಲೆ, 3.1ರ ಕೆಳಗೆ.

ಸಾವಿರದೊಳಗಿನ ಬೆಲೆಯ ಮೀಟರುಗಳಲ್ಲಿ ಇನ್ನೊಂದು ತಾಪತ್ರಯ. ಅವುಗಳ 20 ವೋಲ್ಟ್ ರೇಂಜಿನಲ್ಲಿ ಚುಕ್ಕಿಯ ಮುಂದೆ ಎರಡೇ ಅಂಕೆ ಕಾಣುತ್ತದೆ. 3.334 ಕೂಡ 3.33, 3.326 ಕೂಡ 3.33. ಇನ್ನೂ ಒಂದು ಅಂಕೆ ತೋರಿಸುವ, 6000 ಎಣಿಕೆಯ ಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಅಡ್ಡಿಯಿಲ್ಲ, ಎಲ್ಲ ಸೆಲ್ಲನ್ನೂ ಒಂದೇ ಮೀಟರಿನಲ್ಲಿ, ಒಂದೇ ಉಸಿರಿಗೆ ಅಳೆಯಿರಿ. ನಿಮ್ಮ ಮೀಟರಿನ ಒಂದು ಓದು, ಬಿಎಂಎಸ್‌ನ ಇನ್ನೊಂದು ಓದು ಇಟ್ಟುಕೊಂಡು ಹತ್ತು ಮಿಲಿವೋಲ್ಟಿಗೆ ಜಗಳ ಕಾಯಬೇಡಿ.

"60 ಪರ್ಸೆಂಟ್ ಇತ್ತು, ಇದ್ದಕ್ಕಿದ್ದಂತೆ ಆರಿತು"

ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ. ಆರಿದ ತಕ್ಷಣ ಆ್ಯಪ್ ತೆರೆದು ಅತಿ ಕಡಿಮೆ ಇರುವ ಸೆಲ್ ಎಷ್ಟಿದೆ, ಉಳಿದವು ಎಷ್ಟಿವೆ ಎಂದು ಬರೆದಿಟ್ಟುಕೊಳ್ಳಿ. ಬೆಳಗಾಗುವ ತನಕ ಬಿಟ್ಟರೆ ಸಾಕ್ಷಿ ಅಳಿಸಿಹೋಗುತ್ತದೆ. ಲೋಡ್ ಇಳಿದ ಮೇಲೆ ಬಿದ್ದ ಸೆಲ್ ಕೂಡ ಎದ್ದು ಕೂತಿರುತ್ತದೆ.

ಎಲ್ಲವೂ 2.8, 2.9ರ ಸುತ್ತ ಒಟ್ಟಾಗಿ ಬಿದ್ದಿದ್ದರೆ ಸೆಲ್ಲಿನ ತಪ್ಪಿಲ್ಲ. ಲೆಕ್ಕ ಬರೆಯುವವನು ತಪ್ಪಿದ್ದಾನೆ. ಪರ್ಸೆಂಟನ್ನು ಬಿಎಂಎಸ್ ವೋಲ್ಟೇಜ್ ನೋಡಿ ಹೇಳುವುದಿಲ್ಲ, ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು ಎಂದು ಅಂಗಡಿ ಉದ್ರಿ ಪುಸ್ತಕದಂತೆ ಎಣಿಸುತ್ತದೆ. ತೀರಾ ಸಣ್ಣ ಕರೆಂಟನ್ನು ಕೆಲವು ಬಿಎಂಎಸ್‌ಗಳು ಎಣಿಸುವುದೇ ಇಲ್ಲ. ದಿನಕ್ಕೆ ಒಂದಿಷ್ಟು ತಪ್ಪು ಕೂಡುತ್ತಾ ಹೋಗುತ್ತದೆ. ಬ್ಯಾಟರಿ ಪೂರ್ತಿ ತುಂಬಿದ ದಿನ ಪುಸ್ತಕ ಮತ್ತೆ 100ಕ್ಕೆ ಬರುತ್ತದೆ, ಹಳೆಯ ತಪ್ಪೆಲ್ಲ ಮಾಫಿ. ಎರಡು ತಿಂಗಳ ಮಳೆಯಲ್ಲಿ ಆ ದಿನವೇ ಬರದಿದ್ದರೆ 60 ಎನ್ನುವುದು ಬರೀ ಬಾಯಿಮಾತು. ಮದ್ದು: ಕರೆಂಟು ಇರುವ ರಾತ್ರಿ ಮನೆಯ ಲೈನಿನಿಂದಲೇ ಪೂರ್ತಿ ಚಾರ್ಜ್ ಮಾಡಿ, ಕರೆಂಟು ಹರಿಯುವುದು ಸೊನ್ನೆಗೆ ಹತ್ತಿರವಾಗುವ ತನಕ ಬಿಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡಿದವರಿಂದ ನನಗೆ ಫೋನ್ ಬರುವುದು ನಿಂತಿದೆ.

ಒಂದೇ ಸೆಲ್ 2.5ಕ್ಕೆ ಬಿದ್ದು ಉಳಿದವು 3.2ರಲ್ಲೇ ಇದ್ದರೆ ಮುಂದಿನ ಭಾಗ ಓದಿ.

"ಚಾರ್ಜ್ ಆಗುತ್ತಾ ಆಗುತ್ತಾ ಕಟ್ ಆಗುತ್ತದೆ, ಒಟ್ಟು ವೋಲ್ಟೇಜ್ 54 ದಾಟುವುದೇ ಇಲ್ಲ"

ಹದಿನಾರು ಕೊಡಗಳಿಗೆ ಒಂದೇ ನಲ್ಲಿಯಿಂದ ಸಮಸಮ ನೀರು ಬೀಳುತ್ತಿದೆ ಎಂದುಕೊಳ್ಳಿ. ಯಾವುದಾದರೂ ಒಂದು ತುಂಬಿದ ಕೂಡಲೇ ನಲ್ಲಿ ಬಂದ್. ಖರ್ಚು ಮಾಡುವಾಗಲೂ ಎಲ್ಲದರಿಂದ ಸಮಸಮ ತೆಗೆಯಬೇಕು, ಯಾವುದಾದರೂ ಒಂದು ಬರಿದಾದರೆ ಅಲ್ಲಿಗೇ ನಿಲ್ಲಿಸಬೇಕು. ಉಳಿದ ಹದಿನೈದರಲ್ಲಿ ಜಾಗವಿದ್ದರೂ, ನೀರಿದ್ದರೂ ಲೆಕ್ಕಕ್ಕಿಲ್ಲ. ಬ್ಯಾಲೆನ್ಸಿಂಗ್ ಎಂದರೆ ಮೊದಲೇ ತುಂಬಿದ ಕೊಡದಿಂದ ಒಂದೊಂದೇ ಚಮಚ ಚೆಲ್ಲಿ ಉಳಿದವಕ್ಕೆ ಸಮಯ ಕೊಡುವುದು.

ಈಗ ಅಂಕಿ ನೋಡಿ. ಹದಿನೈದು ಸೆಲ್ 3.36ರಲ್ಲಿವೆ, ಒಂದು ಓಡಿಹೋಗಿ 3.65 ಮುಟ್ಟಿದೆ. ಒಟ್ಟು 54.05. ಬಿಎಂಎಸ್ ಒಂದು ಸೆಲ್ಲಿನ ಮಿತಿ ದಾಟಿತೆಂದು ಚಾರ್ಜ್ ನಿಲ್ಲಿಸುತ್ತದೆ. ಇನ್ವರ್ಟರಿಗೆ ಕಾಣುವುದು 54 ಮಾತ್ರ, 56 ಆಗಬೇಕಿತ್ತಲ್ಲ ಎಂದು ಅದು ಮತ್ತೆ ತಳ್ಳುತ್ತದೆ, ಮತ್ತೆ ಕಟ್. ಕೆಲವು ಇನ್ವರ್ಟರು ಇದಕ್ಕೆ ಕೂಗುತ್ತದೆ, ಕೆಲವು ಸುಮ್ಮನೆ ಆಫ್ ಆಗುತ್ತದೆ. ಇಂಥ ಕಡೆ ಇನ್ವರ್ಟರ್ ಕಾರ್ಡ್ ಹೋಗಿದೆ ಎಂದು ಬದಲಾಯಿಸಿ ಬಿಲ್ ಕೊಟ್ಟವರನ್ನೂ ಕಂಡಿದ್ದೇನೆ.

ಅಗ್ಗದ ಮದ್ದು ಮೊದಲು. ಚಾರ್ಜ್ ವೋಲ್ಟೇಜನ್ನು 53.8ರ ಹತ್ತಿರಕ್ಕೆ ಇಳಿಸಿ, ಕರೆಂಟನ್ನು 5 ಆಂಪಿಗೆ ಅಥವಾ ನಿಮ್ಮ ಇನ್ವರ್ಟರಿನಲ್ಲಿರುವ ಅತಿ ಕಡಿಮೆಗೆ ಇಡಿ. ಆಗ ಓಡುವ ಸೆಲ್ 3.5ರ ಸುತ್ತ ನಿಲ್ಲುತ್ತದೆ, ಬಿಎಂಎಸ್ ಅದರಿಂದ ನಿಧಾನವಾಗಿ ಚೆಲ್ಲುತ್ತಿರುತ್ತದೆ. ಎರಡು ದಿನಕ್ಕೊಮ್ಮೆ 0.2 ವೋಲ್ಟ್ ಏರಿಸುತ್ತಾ 55.2ಕ್ಕೆ ತನ್ನಿ. ಅಲ್ಲಿ ಎಲ್ಲವೂ 3.45ರ ಅಕ್ಕಪಕ್ಕ, ಇಪ್ಪತ್ತು ಮಿಲಿವೋಲ್ಟಿನ ಒಳಗೆ ನಿಂತರೆ ಕೆಲಸ ಆಯಿತು.

ಎಷ್ಟು ದಿನ ಬೇಕು? ಇದನ್ನು ಯಾರೂ ಹೇಳುವುದಿಲ್ಲ, ಲೆಕ್ಕ ಮಾತ್ರ ಸುಲಭ. 100 ಆಂಪ್‌ಅವರ್ ಬ್ಯಾಟರಿಯಲ್ಲಿ ಒಂದು ಸೆಲ್ 3 ಪರ್ಸೆಂಟ್ ಮುಂದಿದ್ದರೆ ಚೆಲ್ಲಬೇಕಾದ್ದು 3 ಆಂಪ್‌ಅವರ್. ಸಾಧಾರಣ ಬಿಎಂಎಸ್ ಚೆಲ್ಲುವ ಕರೆಂಟು 60 ಮಿಲಿಆಂಪ್ ಎಂದಿಟ್ಟುಕೊಳ್ಳಿ. 50 ಗಂಟೆ ಬೇಕು. ಅದೂ ವೋಲ್ಟೇಜ್ 3.4ರ ಮೇಲಿರುವ ಗಂಟೆಗಳು ಮಾತ್ರ. ಬಿಸಿಲಿನಿಂದ ದಿನಕ್ಕೆ ಮೂರು ಗಂಟೆ ಅಂಥ ಸಮಯ ಸಿಕ್ಕರೆ ಹದಿನೇಳು ದಿನ. ಜುಲೈನಲ್ಲಿ ಬಾಳೆಹೊನ್ನೂರಿನಲ್ಲಿ ಅಷ್ಟೂ ಸಿಗುವುದಿಲ್ಲ, ಲೈನಿನಿಂದ ಚಾರ್ಜ್ ಮಾಡಿ ರಾತ್ರಿಯಿಡೀ ಹಿಡಿದಿಡಬೇಕು. ಎರಡು ದಿನ ನೋಡಿ "ಬ್ಯಾಲೆನ್ಸ್ ಆಗ್ತಿಲ್ಲ" ಎಂದು ಸೆಲ್ ಬದಲಾಯಿಸಲು ಹೊರಡಬೇಡಿ.

ಬೇಗ ಆಗಲೆಂದು ಆ್ಯಕ್ಟಿವ್ ಬ್ಯಾಲೆನ್ಸರ್ ತಂದು ಜೋಡಿಸುವವರಿದ್ದಾರೆ. ಅದು ಚೆಲ್ಲುವುದಿಲ್ಲ, ತುಂಬಿದ ಸೆಲ್ಲಿನಿಂದ ಬರಿದಾದ ಸೆಲ್ಲಿಗೆ ಸಾಗಿಸುತ್ತದೆ, ಅದೂ ಒಂದೆರಡು ಆಂಪ್ ವೇಗದಲ್ಲಿ. ಒಳ್ಳೆಯ ಸಾಧನವೇ. ಆದರೆ ಇಪ್ಪತ್ತನಾಲ್ಕು ಗಂಟೆ ಚಾಲೂ ಬಿಟ್ಟರೆ ಮಟ್ಟಸ ಜಾಗದಲ್ಲಿ ಕುರುಡಾಗಿ ಕೆಲಸ ಮಾಡುತ್ತದೆ. ಲೋಡ್ ಬಿದ್ದಾಗ ಯಾವುದೋ ಸೆಲ್ ಐದು ಮಿಲಿವೋಲ್ಟ್ ಬಗ್ಗಿತು ಎಂದು ಅದಕ್ಕೆ ತುಂಬುತ್ತದೆ, ನಿಜಕ್ಕೂ ಅದೇ ಹೆಚ್ಚು ತುಂಬಿದ್ದ ಸೆಲ್ ಆಗಿರಬಹುದು. ಬ್ಯಾಲೆನ್ಸ್ ಶುರುವಾಗುವ ವೋಲ್ಟೇಜ್ ಎಂಬ ಸೆಟ್ಟಿಂಗ್ ನಿಮ್ಮ ಬಿಎಂಎಸ್‌ನಲ್ಲಿದ್ದರೆ ಅದು 3.40ಕ್ಕಿಂತ ಕೆಳಗೆ ಇಲ್ಲದಂತೆ ನೋಡಿಕೊಳ್ಳಿ. 3.0 ಅಥವಾ 3.2 ಎಂದು ಇಟ್ಟುಬಿಟ್ಟ ಪೆಟ್ಟಿಗೆಗಳು ತಮ್ಮ ತಾಳವನ್ನು ತಾವೇ ಕೆಡಿಸಿಕೊಳ್ಳುತ್ತವೆ.

ಯಾವ ಸೆಲ್ ಎಲ್ಲಿ ತಪ್ಪುತ್ತದೆ: ನಾಲ್ಕು ಹೊತ್ತಿನ ಓದು

ಸಂಶಯವಿದ್ದರೆ ಒಂದು ನೋಟ್‌ಬುಕ್ ತೆಗೆದುಕೊಂಡು ನಾಲ್ಕು ಹೊತ್ತಿನಲ್ಲಿ ಎಲ್ಲ ಸೆಲ್ಲಿನ ಓದು ಬರೆಯಿರಿ: ಚಾರ್ಜ್ ಮುಗಿಯುವ ಹೊತ್ತು, ಎರಡು ಗಂಟೆ ಸುಮ್ಮನೆ ಬಿಟ್ಟ ಮೇಲೆ, ದೊಡ್ಡ ಲೋಡ್ ಹಾಕಿದಾಗ, ಖಾಲಿಯಾಗುತ್ತಾ ಬಂದಾಗ. ಆಮೇಲೆ ಹೀಗೆ ಓದಿಕೊಳ್ಳಿ.

ಮೇಲೆ (ಚಾರ್ಜ್ ಮುಗಿಯುವಾಗ) ಎಲ್ಲಕ್ಕಿಂತ ಮುಂದೆ, ಕೆಳಗೆ (ಖಾಲಿಯಾಗುವಾಗ) ಎಲ್ಲಕ್ಕಿಂತ ಕೊನೆಗೆ ಬೀಳುವ ಸೆಲ್ ಒಳ್ಳೆಯದೇ, ಸ್ವಲ್ಪ ಹೆಚ್ಚು ತುಂಬಿದೆ ಅಷ್ಟೆ. ಮೇಲೆ ಹಿಂದುಳಿದು ಕೆಳಗೆ ಮೊದಲು ಬೀಳುವುದು ಕಡಿಮೆ ತುಂಬಿದ ಸೆಲ್. ಎರಡಕ್ಕೂ ಬ್ಯಾಲೆನ್ಸಿಂಗ್ ಸಾಕು.

ಮೇಲೂ ಮೊದಲು ತುಂಬಿ ಕೆಳಗೂ ಮೊದಲು ಬರಿದಾಗುವುದು ಬೇರೆ ಕಥೆ. ಆ ಕೊಡವೇ ಚಿಕ್ಕದಾಗಿದೆ, ಸಾಮರ್ಥ್ಯ ಕುಗ್ಗಿದೆ. ಎಷ್ಟು ಬ್ಯಾಲೆನ್ಸ್ ಮಾಡಿದರೂ ಚಿಕ್ಕ ಕೊಡ ದೊಡ್ಡದಾಗುವುದಿಲ್ಲ.

ಚಾರ್ಜ್ ಆಗುವಾಗ ಹೆಚ್ಚು, ಲೋಡ್ ಹಾಕಿದಾಗ ಕಡಿಮೆ, ಸುಮ್ಮನಿದ್ದಾಗ ಎಲ್ಲರಂತೆ: ಇಲ್ಲಿ ಸೆಲ್ಲಿಗಿಂತ ಮೊದಲು ನಟ್ಟಿನ ಮೇಲೆ ಅನುಮಾನ ಪಡಬೇಕು.

"ಮಿಕ್ಸಿ ಹಾಕಿದರೆ ಟ್ರಿಪ್, ಬರೀ ಲೈಟಿಗೆ ಏನೂ ಇಲ್ಲ"

ಒಂದು ಸೆಲ್ಲನ್ನು ಪಕ್ಕದ್ದಕ್ಕೆ ಜೋಡಿಸುವ ಲೋಹದ ಪಟ್ಟಿಯ, ಅಂದರೆ ಬಸ್‌ಬಾರಿನ, ನಟ್ಟು ಸಡಿಲವಾಗಿದ್ದರೆ ಅಥವಾ ಅದರಡಿ ಕಿಲುಬು ಹಿಡಿದಿದ್ದರೆ ಹೀಗಾಗುತ್ತದೆ. ನಮ್ಮ ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯುವ ಹೊತ್ತಿಗೆ ತಾಮ್ರಕ್ಕೂ ಹಸಿರು ಹಿಡಿದಿರುತ್ತದೆ. ಆ ಸಂದಿನಲ್ಲಿ ಒಂದೇ ಮಿಲಿಓಂ ತಡೆ ಹುಟ್ಟಿದರೂ 50 ಆಂಪ್ ಹರಿದಾಗ 50 ಮಿಲಿವೋಲ್ಟ್ ಅಲ್ಲೇ ಸೋರಿ, ಎರಡೂವರೆ ವ್ಯಾಟ್ ಶಾಖವಾಗುತ್ತದೆ. ಲೋಡ್ ಇಮ್ಮಡಿಸಿದರೆ ವೋಲ್ಟೇಜ್ ವ್ಯತ್ಯಾಸವೂ ಇಮ್ಮಡಿ, ಶಾಖ ನಾಲ್ಕು ಪಟ್ಟು. ಗುರುತು ಹಿಡಿಯಲು ಇಷ್ಟು ಸಾಕು: ನೀರು ಕಾಯಿಸುವ ಕೆಟಲಿನಂಥ ಲೋಡ್ ಹಾಕಿ, ಮೀಟರಿನ ಒಂದು ಮೊನೆಯನ್ನು ಸೆಲ್ಲಿನ ಟರ್ಮಿನಲ್ ಮೇಲೆ, ಇನ್ನೊಂದನ್ನು ಅದರ ಮೇಲಿರುವ ಬಸ್‌ಬಾರಿನ ಮೇಲೆ ಇಡಿ. ಬೇರೆ ಜೋಡಣೆಗಳಲ್ಲಿ ಸೊನ್ನೆಗೆ ಹತ್ತಿರವಿದ್ದು ಒಂದರಲ್ಲಿ ಮಾತ್ರ ಹತ್ತಾರು ಮಿಲಿವೋಲ್ಟ್ ಕಂಡರೆ ಕಳ್ಳ ಸಿಕ್ಕ. ಎಲ್ಲ ಆಫ್ ಮಾಡಿ, ಬಿಚ್ಚಿ, ನಯವಾದ ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ, ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಲ್ಲೇ ಕಟ್ಟಿ. ಟ್ರ್ಯಾಕ್ಟರ್ ನಟ್ಟು ಎಳೆದಂತೆ ಎಳೆದರೆ ಅಲ್ಯೂಮಿನಿಯಂ ಟರ್ಮಿನಲ್‌ನ ಮರೆಯೇ (ಥ್ರೆಡ್) ಕಿತ್ತು ಬರುತ್ತದೆ.

ಇನ್ನೊಂದು ವಿಚಿತ್ರ ಲಕ್ಷಣವಿದೆ, ಗೊತ್ತಿಲ್ಲದವರು ಇದರಲ್ಲಿ ತಿಂಗಳು ಕಳೆಯುತ್ತಾರೆ. 7ನೇ ಸೆಲ್ 40 ಮಿಲಿವೋಲ್ಟ್ ಹೆಚ್ಚು, 8ನೆಯದು ಸರಿಯಾಗಿ ಅಷ್ಟೇ ಕಡಿಮೆ, ಎರಡೂ ಕೂಡಿದರೆ ಲೆಕ್ಕ ಸರಿ. ಎರಡು ಸೆಲ್ ಒಂದೇ ಅಳತೆಯಲ್ಲಿ ಎದುರುಬದುರು ಕೆಡುವುದು ಸಾಧ್ಯವೇ? ಅವೆರಡರ ನಡುವೆ ಬಿಎಂಎಸ್‌ಗೆ ಹೋಗುವ ಸಣ್ಣ ಸೆನ್ಸ್ ವೈರು ಒಂದೇ ಇರುತ್ತದೆ. ಅದರ ಬಳೆ ಸಡಿಲಾಗಿದೆ, ಇಲ್ಲವೇ ಇಲಿ ಕಡಿದಿದೆ, ಇಲ್ಲವೇ ಪ್ಲಗ್ಗಿನೊಳಗೆ ಇರುವೆ ಗೂಡು ಕಟ್ಟಿದೆ. ಸೆಲ್ಲಿನ ಟರ್ಮಿನಲ್ ಮೇಲೆ ನೇರ ಮೀಟರ್ ಇಟ್ಟರೆ ಎರಡೂ ಸಮ ಕಾಣುತ್ತವೆ, ಬಿಎಂಎಸ್ ಮಾತ್ರ ಸುಳ್ಳು ಹೇಳುತ್ತಿರುತ್ತದೆ. ಸಮ ಇರುವುದನ್ನು ಅಸಮ ಎಂದು ನಂಬಿ ಬ್ಯಾಲೆನ್ಸ್ ಮಾಡುತ್ತಾ ಕೂತು ನಿಜವಾಗಿಯೂ ತಾಳ ತಪ್ಪಿಸುತ್ತದೆ ಕೂಡ.

"ಟರ್ಮಿನಲ್‌ನಲ್ಲಿ ಸೊನ್ನೆ ವೋಲ್ಟ್, ಬ್ಯಾಟರಿ ಸತ್ತೇಹೋಯ್ತು"

ಬಹಳ ಸಲ ಸತ್ತಿರುವುದಿಲ್ಲ, ನಿದ್ದೆ ಹೋಗಿರುತ್ತದೆ. ಸೆಲ್ ತೀರಾ ಇಳಿದಾಗ ಬಿಎಂಎಸ್ ಹೊರದಾರಿ ಮುಚ್ಚುತ್ತದೆ. ಹೊರಗಿನ ಟರ್ಮಿನಲ್‌ನಲ್ಲಿ ಸೊನ್ನೆಯೋ, ಅರ್ಥವಿಲ್ಲದ ಒಂದು ಅಂಕಿಯೋ ಕಾಣುತ್ತದೆ. ಲಿಥಿಯಂ ಮೋಡಿನ ಚಾರ್ಜರ್ ಕೊಟ್ಟರೆ ಅಥವಾ ಪೆಟ್ಟಿಗೆಯ ಬಟನ್ ಒತ್ತಿದರೆ ಎಚ್ಚರವಾಗಬಹುದು. ಎದ್ದ ಕೂಡಲೇ ಪ್ರತಿ ಸೆಲ್ ನೋಡಿ. ಎಲ್ಲವೂ 2.5ರ ಮೇಲಿದ್ದರೆ ಕಡಿಮೆ ಕರೆಂಟಿನಲ್ಲಿ ತುಂಬಿಸಿ.

ಯಾವುದೇ ಸೆಲ್ 2.0ಕ್ಕಿಂತ ಕೆಳಗೆ ಹೋಗಿ ದಿನಗಟ್ಟಲೆ ಹಾಗೇ ಇದ್ದಿದ್ದರೆ ಕೈ ತೆಗೆಯಿರಿ. ಒಳಗಿನ ತಾಮ್ರದ ಹಾಳೆ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಅದೇ ತಾಮ್ರ ಒಳಗೇ ಶಾರ್ಟ್ ಮಾಡಬಹುದು. ಬೆಂಗಳೂರಿನಲ್ಲಿದ್ದು ಹಬ್ಬಕ್ಕೆ ಮಾತ್ರ ಊರಿಗೆ ಬರುವವರ ಮನೆಗಳಲ್ಲಿ ಈ ಸಾವು ಹೆಚ್ಚು. ಬೀಗ ಹಾಕಿ ಹೋಗುವ ಮುನ್ನ ಅರ್ಧಕ್ಕಿಂತ ಹೆಚ್ಚು ತುಂಬಿಸಿ, ಇನ್ವರ್ಟರ್ ಆಫ್ ಮಾಡಿ, ಬ್ಯಾಟರಿ ಬ್ರೇಕರನ್ನೂ ಇಳಿಸಿ ಹೋಗಿ. ಖಾಲಿ ಇರುವ ಇನ್ವರ್ಟರ್ ಕೂಡ ಕುಡಿಯುತ್ತಲೇ ಇರುತ್ತದೆ.

"ಹಳೇ ಇನ್ವರ್ಟರಿಗೇ ಹೊಸ ಲಿಥಿಯಂ ಕೂರಿಸಿದ್ದೇವೆ"

ಸೆಟ್ಟಿಂಗ್ ಟ್ಯೂಬುಲರ್ ಎಂದೇ ಇದ್ದರೆ ಮೊದಲು ಅದನ್ನು ಬದಲಾಯಿಸಿ. ಟ್ಯೂಬುಲರಿಗೆ ಆಗಾಗ ಹೆಚ್ಚು ವೋಲ್ಟೇಜಿನಲ್ಲಿ ಕೊಡುವ ಈಕ್ವಲೈಸ್ ಚಾರ್ಜ್ 15.5 ವೋಲ್ಟ್ ದಾಟಬಹುದು. ನಾಲ್ಕು ಲಿಥಿಯಂ ಸೆಲ್ಲಿಗೆ 14.6 ಕಟ್ಟಕಡೆಯ ಮಿತಿ, 14ರ ಹತ್ತಿರ ಸಾಕು. ಈಕ್ವಲೈಸ್ ಎಂಬ ಹೆಸರು ಕೇಳಿ ಅದೇ ಬ್ಯಾಲೆನ್ಸಿಂಗ್ ಎಂದುಕೊಂಡು ಬೇಕೆಂದೇ ಚಾಲೂ ಮಾಡಿದವರೂ ಇದ್ದಾರೆ. ಇದು ಅದಲ್ಲ. ಲಿಥಿಯಂ ಮೋಡ್ ಇಲ್ಲದ, ವೋಲ್ಟೇಜ್ ಬದಲಿಸಲೂ ಬಾರದ ಇನ್ವರ್ಟರಾದರೆ ಜೋಡಿ ಬೇಡ.

"ಒಂದು ಸೆಲ್ ಮಾತ್ರ ಮತ್ತೆ ಮತ್ತೆ ಇಳಿಯುತ್ತಿದೆ"

ಪೂರ್ತಿ ತುಂಬಿಸಿ, ಬ್ಯಾಲೆನ್ಸ್ ಮಾಡಿ, ಎಲ್ಲ ಲೋಡ್ ತೆಗೆದು ಹತ್ತು ದಿನ ಬಿಡಿ. ಆಮೇಲೆ ಮತ್ತೆ ತುದಿಯವರೆಗೆ ಚಾರ್ಜ್ ಮಾಡಿ ನೋಡಿ. ಅದೇ ಸೆಲ್ ಮತ್ತೆ ಹಿಂದುಳಿದರೆ ಒಳಗೊಳಗೇ ಸೋರುತ್ತಿದೆ. ಬದಲಾಯಿಸಬೇಕು, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಹೊಸ ಸೆಲ್ಲನ್ನು ಉಳಿದವುಗಳ ಮಟ್ಟಕ್ಕೇ ಬೇರೆಯಾಗಿ ತುಂಬಿಸಿ ಸೇರಿಸಬೇಕು, ಸಾಮರ್ಥ್ಯವೂ ಹೊಂದಬೇಕು.

ಇಲ್ಲಿಗೆ ನಿಲ್ಲಿಸಿ

ಸೆಲ್ಲಿನ ಹೊಟ್ಟೆ ಉಬ್ಬಿದ್ದರೆ, ಲೋಡೇ ಇಲ್ಲದೆ ಬಿಸಿಯಾಗುತ್ತಿದ್ದರೆ, ಪೇಂಟ್ ತಿನ್ನರಿನಂಥ ಸಿಹಿ ವಾಸನೆ ಬಂದರೆ, ಯಾವುದೇ ಸೆಲ್ 3.8 ದಾಟಿದ್ದರೆ, ಪೆಟ್ಟಿಗೆಯೊಳಗೆ ಮಳೆನೀರು ಹೋಗಿದ್ದರೆ ಮೇಲಿನ ಯಾವ ಪರೀಕ್ಷೆಯೂ ಬೇಡ. ದೂರದಿಂದ ಸಾಧ್ಯವಾದರೆ ಬ್ರೇಕರ್ ಇಳಿಸಿ, ಕಿಟಕಿ ಬಾಗಿಲು ತೆರೆದು ಮನೆಯವರೆಲ್ಲ ಹೊರಗೆ ಬನ್ನಿ, ಮಾರಿದವರನ್ನು ಕರೆಸಿ. ಹೊಗೆ ಬಂದರೆ ಬ್ಯಾಟರಿ ಉಳಿಸಲು ಒಳಗೆ ನುಗ್ಗಬೇಡಿ, 101 ಅಥವಾ 112ಕ್ಕೆ ಫೋನ್ ಮಾಡಿ. ಎಲ್‌ಎಫ್‌ಪಿ ಬೇರೆ ಲಿಥಿಯಂಗಿಂತ ಸಾಧು ಎನ್ನುವುದು ನಿಜ, ಆದರೆ ಅದು ಉಗುಳುವ ಅನಿಲ ವಿಷವೂ ಹೌದು, ಹತ್ತಿಕೊಳ್ಳುವಂಥದ್ದೂ ಹೌದು. ಹೂಮಳೆಯ ಸಿಡಿಲು ಹತ್ತಿರದಲ್ಲೇ ಬಿದ್ದ ಮರುದಿನ ಬಿಎಂಎಸ್ ಓದು ಹುಚ್ಚುಹುಚ್ಚಾಗಿದ್ದರೆ ಅದನ್ನೂ ಇದೇ ಪಟ್ಟಿಗೆ ಸೇರಿಸಿ.

ತೆಗೆದ ಸೆಲ್ಲನ್ನು ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸುವ ಹೊಣೆ ತಯಾರಕರದು. ಒಯ್ಯುವವರು ಬರುವ ತನಕ ಎರಡೂ ಟರ್ಮಿನಲ್‌ಗೆ ಟೇಪ್ ಸುತ್ತಿ, ಸೌದೆ, ಕಾಫಿ ಚೀಲ, ಸೀಮೆಎಣ್ಣೆ ಇಲ್ಲದ ಕಡೆ, ಮಳೆ ಬೀಳದ ಜಗಲಿಯ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ.